ಮೂರು ಕಾಯಿಗೆ ನೂರಾ ಐದು

ನಮ್ಮಮ್ಮ ಹೂವು ಮಾರುತ್ತಿದ್ದರು. ಸಂತೆಬೀದಿಯ ಮೂಲೆಯಲ್ಲಿ ಒಂದು ಮಂಕರಿ, ಅದರ ಮೇಲೆ ಒದ್ದೆ ಗೋಣಿತಾಟು, ಅದರ ಮೇಲೆ ಕಟ್ಟಿದ ಕಾಕಡ, ಸೇವಂತಿಗೆ. ಮಾರಿಗೆ 60 ರೂಪಾಯಿ ಇದ್ದ ದಿನ ಯಾರಾದರೂ ಮೂರು ಮೊಳ ಕೇಳಿದರೆ ಅಮ್ಮ ಅಳೆಯುತ್ತಲೇ "ನಲವತ್ತೈದು ಕೊಡಿ" ಅಂದುಬಿಡುತ್ತಿದ್ದರು. ಹೇಗೆ ಗೊತ್ತಾಯ್ತು ಅಂತ ಒಮ್ಮೆ ಕೇಳಿದೆ. "ಮಾರಿಗೆ ನಾಲ್ಕು ಮೊಳ. ಒಂದು ಮೊಳ ಕಮ್ಮಿ ಕೊಡ್ತಿದೀನಿ, ಹದಿನೈದು ಕಮ್ಮಿ ಇಸ್ಕೋತೀನಿ. ಅದರಲ್ಲೇನಿದೆ?" ಅಂದರು.

ಅಮ್ಮ ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವರು. ನಾನು ಆಗ ಶಾಲೆಯಲ್ಲಿ ತ್ರೈರಾಶಿ ಕಲಿಯುತ್ತಿದ್ದೆ. ಅದೇ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದು, ಗುಣಿಸಿ, ಭಾಗಿಸಿ ಮಾಡುತ್ತಿದ್ದೆ. ಉತ್ತರ ಒಂದೇ ಬರುತ್ತಿತ್ತು. ಆದರೆ ನನ್ನದು ಲೆಕ್ಕ, ಅಮ್ಮನದು ಸುಮ್ನೆ ರೂಢಿ ಅಂತ ನಾನು ಗಟ್ಟಿಯಾಗಿ ನಂಬಿದ್ದೆ. ಅಮ್ಮನೂ ಹಾಗೇ ನಂಬಿದ್ದರು. "ನಂಗೆ ಲೆಕ್ಕ ಬರಲ್ಲ, ನನ್ ಮಗಳು ಚೆನ್ನಾಗ್ ಮಾಡ್ತಾಳೆ" ಅಂತ ಗಿರಾಕಿಗಳ ಹತ್ತಿರ ಹೇಳುತ್ತಿದ್ದರು. ಹೇಳುತ್ತಲೇ ಐನೂರರ ನೋಟಿಗೆ ಚಿಲ್ಲರೆ ಎಣಿಸಿ ಕೊಡುತ್ತಿದ್ದರು.

ಈಗ ನಾನು ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಹದಿನಾಲ್ಕು ವರ್ಷ ಆಯ್ತು. ಆ ನಂಬಿಕೆ ಎಷ್ಟು ತಪ್ಪು ಅಂತ ನನಗೆ ತೋರಿಸಿಕೊಟ್ಟವರು ಬ್ರೆಜಿಲಿನ ಒಬ್ಬ ಮನಶ್ಶಾಸ್ತ್ರಜ್ಞೆ, ತೆರೆಜಿನ್ಯ ನೂನೆಸ್. ಅವರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಯಾಕೆಂದರೆ ನಮ್ಮಲ್ಲಿ ಅವರ ಕೆಲಸ ಗೊತ್ತಿರುವವರಿಗೂ ಗೊತ್ತಿರುವುದು ಅದರ ಮೊದಲ ಅರ್ಧ ಮಾತ್ರ. ನನಗೂ ಹಾಗೇ ಆಗಿತ್ತು.

ಮೊದಲ ಸಲ ಅವರ ಹೆಸರು ಕೇಳಿದ್ದು ಒಂದು ಶಿಕ್ಷಕರ ತರಬೇತಿಯಲ್ಲಿ. ಪರದೆ ಮೇಲೆ ಎರಡು ಅಂಕಿ ಬಂತು. ಬೀದಿಯಲ್ಲಿ ವ್ಯಾಪಾರ ಮಾಡುವ ಮಕ್ಕಳು ವ್ಯಾಪಾರದ ನಡುವೆ ಮಾಡಿದ ಲೆಕ್ಕದಲ್ಲಿ ನೂರಕ್ಕೆ 98 ಸರಿ. ಅದೇ ಮಕ್ಕಳು ಅಂಥದೇ ಲೆಕ್ಕವನ್ನು ಕಾಗದದ ಮೇಲೆ ಮಾಡಿದಾಗ ನೂರಕ್ಕೆ 37 ಸರಿ. ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. "ನೋಡಿ, ನಮ್ಮ ಶಾಲೆಗಳು ಮಕ್ಕಳ ಬುದ್ಧಿ ಹಾಳು ಮಾಡ್ತಿವೆ" ಅಂತ ಯಾರೋ ಅಂದರು. ಊಟದ ಬೆಲ್ ಆಯ್ತು. ಅಲ್ಲಿಗೆ ಮುಗೀತು.

ನನಗೆ ಮುಗಿಯಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ ಅಮ್ಮನ ನೆನಪಾಗಿ ಖುಷಿ ಆಯ್ತು, ಕಣ್ಣಲ್ಲಿ ನೀರೂ ಬಂತು. ಆಮೇಲೆ ಒಂದು ಪ್ರಶ್ನೆ ಚುಚ್ಚೋಕೆ ಶುರುವಾಯ್ತು. ಸರಿ, ನಾಳೆ ಬೆಳಗ್ಗೆ ಕ್ಲಾಸಿಗೆ ಹೋಗಿ ನಾನು ಏನು ಮಾಡಬೇಕು? ಮಕ್ಕಳನ್ನೆಲ್ಲ ಸಂತೆಗೆ ಕಳಿಸಲಾ?

ಆ ಪ್ರಶ್ನೆ ಹಿಡಿದುಕೊಂಡೇ ಓದುತ್ತಾ ಹೋದೆ.

ಊರು ರೆಸಿಫೆ. ಬ್ರೆಜಿಲಿನ ಈಶಾನ್ಯ ಕರಾವಳಿಯ ದೊಡ್ಡ ನಗರ. ನೂನೆಸ್ ನ್ಯೂಯಾರ್ಕಿನ ಸಿಟಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿ ಬಂದು ಅಲ್ಲಿನ ಪೆರ್ನಾಂಬುಕೊ ಫೆಡರಲ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. ಜೊತೆಗೆ ಸಹ ಸಂಶೋಧಕರಾದ ಡೇವಿಡ್ ಕರಾಹರ್ ಮತ್ತು ಅನಲೂಸಿಯಾ ಶ್ಲೀಮನ್. ಆಗ ಬಡವರ ಮಕ್ಕಳು ಶಾಲೆಯಲ್ಲಿ ಹಿಂದೆ ಬೀಳುವುದಕ್ಕೆ ಒಂದು ಸಿದ್ಧ ಉತ್ತರ ಚಾಲ್ತಿಯಲ್ಲಿತ್ತು. ಆ ಮನೆಗಳಲ್ಲಿ ಕಲಿಯುವ ವಾತಾವರಣವೇ ಇಲ್ಲ, ಆ ಮಕ್ಕಳಿಗೆ ಯೋಚಿಸುವ ಶಕ್ತಿಯೇ ಬೆಳೆದಿರುವುದಿಲ್ಲ ಅನ್ನೋದು. ನಮ್ಮ ಸ್ಟಾಫ್ ರೂಮುಗಳಲ್ಲಿ ಇವತ್ತಿಗೂ ಕೇಳುವ ಮಾತೇ ಅದು, ಅಲ್ವಾ? ಆದರೆ ಅದೇ ಮಕ್ಕಳು ಎಂಟೊಂಬತ್ತು ವರ್ಷಕ್ಕೇ ಅಪ್ಪ ಅಮ್ಮನ ಜೊತೆ ಬೀದಿಬದಿ ಅಂಗಡಿಯಲ್ಲಿ ನಿಂತು ತೆಂಗಿನಕಾಯಿ, ನಿಂಬೆಹಣ್ಣು ಮಾರುತ್ತಿದ್ದರು. ಯೋಚಿಸೋಕೆ ಬರದ ಮಗು ಚಿಲ್ಲರೆ ಹೇಗೆ ಕೊಡುತ್ತೆ?

1985ರಲ್ಲಿ ಪ್ರಕಟವಾದ ಆ ಅಧ್ಯಯನ ಬಹಳ ಚಿಕ್ಕದು. ಬರೀ ಐದು ಮಕ್ಕಳು, 9ರಿಂದ 15 ವರ್ಷದವರು. ಸಂಶೋಧಕರು ಗಿರಾಕಿಗಳ ಥರ ಹೋಗಿ ವ್ಯಾಪಾರ ಮಾಡುತ್ತಾ ಕೇಳಿದ ಲೆಕ್ಕ ಒಟ್ಟು 63. ವಾರದೊಳಗೆ ಮತ್ತೆ ಆ ಮಕ್ಕಳನ್ನೇ ಕೂರಿಸಿ, ಪೆನ್ಸಿಲ್ ಕಾಗದ ಕೊಟ್ಟು, ಅವರೇ ಬೀದಿಯಲ್ಲಿ ಮಾಡಿದ್ದ ಲೆಕ್ಕಗಳಿಂದ ತಯಾರಿಸಿದ ಪ್ರಶ್ನೆಗಳನ್ನು ಕೊಟ್ಟರು. ಕೆಲವು ಬರೀ ಅಂಕಿ, ಕೆಲವು ವಾಕ್ಯದ ಲೆಕ್ಕ. ಬರೀ ಅಂಕಿಯಲ್ಲಿ ನೂರಕ್ಕೆ 36.8 ಸರಿ. ವಾಕ್ಯದ ಲೆಕ್ಕದಲ್ಲಿ 73.7. ಈ ನಡುವಿನ ಅಂಕಿಯನ್ನು ತರಬೇತಿಯಲ್ಲಿ ನಮಗೆ ತೋರಿಸಲೇ ಇಲ್ಲ. ನನಗೆ ಅದೇ ಜಾಸ್ತಿ ಮುಖ್ಯ ಅನ್ನಿಸುತ್ತೆ. ಯಾಕೆಂದರೆ ವಾಕ್ಯದ ಲೆಕ್ಕ ಮಾಡುವಾಗ ಮಗು ಬೀದಿಯಲ್ಲಿಲ್ಲ, ಮೇಜಿನ ಮುಂದೆ ಪೆನ್ಸಿಲ್ ಹಿಡಿದು ಕೂತಿದೆ. ಆದರೂ ಅಂಕಿಗಳ ಹಿಂದೆ ಒಂದು ವಸ್ತು ಇದೆ ಅಂತ ಗೊತ್ತಾದ ತಕ್ಷಣ ಸರಿ ಉತ್ತರ ಎರಡರಷ್ಟಾಯಿತು.

ಅಂಕಿಅಂಶಕ್ಕಿಂತ ನನ್ನನ್ನು ಹಿಡಿದಿಟ್ಟಿದ್ದು ಆ ಮಕ್ಕಳ ಮಾತು. 12 ವರ್ಷದ ಒಬ್ಬ ಹುಡುಗ. ಕಾಯಿಗೆ 35 ಕ್ರುಜೇರೊ, ಅಂದರೆ ಆಗಿನ ಬ್ರೆಜಿಲಿನ ದುಡ್ಡು. ಹತ್ತು ಕಾಯಿಗೆ ಎಷ್ಟು ಅಂತ ಕೇಳಿದರೆ ಅವನು 35ರ ಮುಂದೆ ಸೊನ್ನೆ ಇಡುವುದಿಲ್ಲ. ಮೂರಕ್ಕೆ 105 ಅನ್ನುತ್ತಾನೆ. ಇನ್ನೊಂದು ಮೂರು, 210. ಇನ್ನು ನಾಲ್ಕು ಬೇಕು. ಸ್ವಲ್ಪ ತಡೆದು, 315, ಆಮೇಲೆ 350. ಮೂರು ಕಾಯಿಯ ಗುಂಪು ಅವನಿಗೆ ರೂಢಿ, ಅದರ ಬೆಲೆ ಬಾಯಲ್ಲೇ ಇದೆ. ಹತ್ತರಿಂದ ಗುಣಿಸಬೇಕಾದರೆ ಪಕ್ಕಕ್ಕೆ ಸೊನ್ನೆ ಸೇರಿಸು ಅನ್ನೋ ನಿಯಮವನ್ನು ಅಲ್ಲಿನ ಶಾಲೆಯಲ್ಲೂ ಹೇಳಿಕೊಡುತ್ತಿದ್ದರು. ಅವನು ಅದನ್ನು ಮುಟ್ಟಲೂ ಇಲ್ಲ.

ನಾಲ್ಕು ಕಾಯಿಗೆ? ಮೂರಕ್ಕೆ 105, ಅದಕ್ಕೆ 30 ಸೇರಿಸಿ 135, ಕಾಯಿಗೆ 35 ಅಲ್ವಾ, ಹಾಗಾದರೆ 140. ಸರಿಯಾಗಿದೆ.

ಆಮೇಲೆ ಕಾಗದದ ಮೇಲೆ 35 × 4. ನಾಲ್ಕೈದ್ಲಿ ಇಪ್ಪತ್ತು, ಸೊನ್ನೆ ಬರೆದು ಕೈಲಿ ಎರಡು. ಎರಡೂ ಮೂರೂ ಐದು, ನಾಲ್ಕೈದ್ಲಿ ಇಪ್ಪತ್ತು. ಉತ್ತರ 200.

ಇನ್ನೊಂದು ಮಗು 40ರ ಮೂರು ಕಾಯಿಗೆ 40, 80, 120 ಅಂತ ಎಣಿಸುತ್ತೆ. ಕಾಗದದ ಮೇಲೆ 40 × 3 ಕೊಟ್ಟರೆ ಸೊನ್ನೆ ಕೆಳಗಿಳಿಸಿ, ನಾಲ್ಕೂ ಮೂರೂ ಏಳು ಅಂತ ಹೇಳಿ 70 ಬರೆಯುತ್ತೆ. 5ರಂತೆ 12 ನಿಂಬೆಹಣ್ಣು ಕೇಳಿದಾಗ ಎರಡೆರಡೇ ಹಣ್ಣು ಎತ್ತಿಡುತ್ತಾ 10, 20, 30 ಅಂತ 60ಕ್ಕೆ ಬಂದು ನಿಲ್ಲುತ್ತೆ. ಕಾಗದದ ಮೇಲೆ 12 × 5 ಅಂದರೆ ಎರಡು ಇಳಿಸಿ, ಐದು ಇಳಿಸಿ, ಒಂದು ಇಳಿಸಿ 152!

ಈ ಉತ್ತರಗಳನ್ನು ಓದುವಾಗ ನನಗೆ ನನ್ನ ಕ್ಲಾಸಿನ ನೋಟ್‌ಬುಕ್ಕುಗಳೇ ಕಣ್ಣ ಮುಂದೆ ಬಂದವು. ಭಾಷೆ ಬೇರೆ, ಖಂಡ ಬೇರೆ, ತಪ್ಪು ಒಂದೇ. ಎಷ್ಟು ಸಲ ಇಂಥ ಉತ್ತರದ ಮೇಲೆ ಕೆಂಪು ಗೆರೆ ಎಳೆದು "ಅಜಾಗರೂಕತೆ" ಅಂತ ಬರೆದಿದ್ದೇನೋ. ಅದು ಅಜಾಗರೂಕತೆ ಅಲ್ಲವೇ ಅಲ್ಲ. ಆ ಮಗು ತುಂಬಾ ಜಾಗರೂಕತೆಯಿಂದ, ನಾನೇ ಹೇಳಿಕೊಟ್ಟ ಇಳಿಸು, ಏರಿಸು, ಕೈಲಿ ಇಟ್ಟುಕೋ ಅನ್ನೋ ಹೆಜ್ಜೆಗಳನ್ನು ನೆನಪಿಸಿಕೊಂಡು ಮಾಡುತ್ತಿರುತ್ತೆ. ಆ ಹೆಜ್ಜೆಗಳ ನಡುವೆ 35 ಅನ್ನೋದು ಎಲ್ಲೋ ಕಳೆದುಹೋಗಿರುತ್ತೆ. ಮೂರು ಅಂದರೆ ಬರೀ ಮೂರು, ಮೂವತ್ತಲ್ಲ. ನಾಲ್ಕು ಕಾಯಿಗೆ 200 ಅಂತ ಯಾವ ಗಿರಾಕಿಗೂ ಆ ಹುಡುಗ ಹೇಳುತ್ತಿರಲಿಲ್ಲ. ಕಾಗದದ ಮೇಲೆ ಹೇಳಿದ. ಅಲ್ಲಿ ಕಾಯಿಯೂ ಇರಲಿಲ್ಲ, ಗಿರಾಕಿಯೂ ಇರಲಿಲ್ಲ.

ಇವರು ಇಲ್ಲಿಗೇ ನಿಲ್ಲಿಸಿದ್ದರೂ ಹೆಸರು ಉಳಿಯುತ್ತಿತ್ತು. 1988ರಲ್ಲಿ ಮೂವರೂ ಸೇರಿ ಪೋರ್ಚುಗೀಸ್ ಭಾಷೆಯಲ್ಲಿ ತಂದ ಪುಸ್ತಕದ ಹೆಸರೇ ಎಲ್ಲ ಹೇಳುತ್ತೆ: ಬದುಕಿನಲ್ಲಿ ಹತ್ತು, ಶಾಲೆಯಲ್ಲಿ ಸೊನ್ನೆ. ಆದರೆ ಮೊದಲ ಅಧ್ಯಯನದ ನಂತರ ಅವರಿಗೆ ಒಂದು ಅನುಮಾನ ಉಳಿದಿತ್ತು. ಇದು ಬೀದಿಯ ಮಹಿಮೆಯೋ, ಬಾಯಿಲೆಕ್ಕದ ಮಹಿಮೆಯೋ? ಎರಡೂ ಬೆರೆತುಹೋಗಿದ್ದವಲ್ಲ. 1987ರ ಅಧ್ಯಯನದಲ್ಲಿ ಅದನ್ನು ಬಿಡಿಸಿ ನೋಡಿದರು. ರೆಸಿಫೆಯ ಮೂರನೇ ತರಗತಿಯ 16 ಮಕ್ಕಳಿಗೆ ಆಟದ ಅಂಗಡಿಯಲ್ಲಿ ಒಂದಿಷ್ಟು ಲೆಕ್ಕ, ವಾಕ್ಯದಲ್ಲಿ ಒಂದಿಷ್ಟು, ಬರೀ ಅಂಕಿಯಲ್ಲಿ ಒಂದಿಷ್ಟು. ಅಂಗಡಿಯಲ್ಲಿ ಮತ್ತು ವಾಕ್ಯದ ಲೆಕ್ಕದಲ್ಲಿ ಮಕ್ಕಳು ಹೆಚ್ಚಾಗಿ ಬಾಯಿಲೆಕ್ಕಕ್ಕೆ ಹೋದರು, ಅಲ್ಲಿ ಹೆಚ್ಚು ಸರಿ ಮಾಡಿದರು. ಬರೀ ಅಂಕಿ ಕಂಡ ತಕ್ಷಣ ಪೆನ್ಸಿಲ್ ಎತ್ತಿಕೊಂಡರು, ಅಲ್ಲಿ ಎಡವಿದರು. ಯಾವ ವಿಧಾನದಿಂದ ಮಾಡಿದರು ಅನ್ನೋದನ್ನು ಲೆಕ್ಕಕ್ಕೆ ತೆಗೆದುಕೊಂಡು ನೋಡಿದರೆ, ಅಂಗಡಿಯೋ ಅಂಕಿಯೋ ಅನ್ನುವ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ಬೀದಿಯ ಗಾಳಿಯಲ್ಲಿ ಏನೂ ಮಂತ್ರ ಇಲ್ಲ. ಬಾಯಲ್ಲಿ ಮಾಡುವಾಗ ಮಗು ಸಂಖ್ಯೆಯನ್ನು ಇಡಿಯಾಗಿ ಹಿಡಿದು, ಬೇಕಾದ ಕಡೆ ಮುರಿದು, ಮತ್ತೆ ಕೂಡಿಸುತ್ತೆ. ದೊಡ್ಡದು ಯಾವುದು, ಚಿಕ್ಕದು ಯಾವುದು ಅನ್ನೋ ಅರಿವು ಕೊನೆವರೆಗೂ ಕೈಬಿಡುವುದಿಲ್ಲ.

ನಮ್ಮಮ್ಮನ "ಒಂದು ಮೊಳ ಕಮ್ಮಿ, ಹದಿನೈದು ಕಮ್ಮಿ" ಅನ್ನೋದೂ ಇದೇ. ಅದು ರೂಢಿ ಅಲ್ಲ, ಪಕ್ಕಾ ಗಣಿತ. ವಿತರಣಾ ನಿಯಮ ಅಂತ, ಅಂದರೆ ಸಂಖ್ಯೆಯನ್ನು ಬಿಡಿಸಿ ಗುಣಿಸಿ ಆಮೇಲೆ ಕೂಡುವುದು ಇಲ್ಲವೇ ಕಳೆಯುವುದು ಅಂತ, ನಾವು ಬೋರ್ಡಿನ ಮೇಲೆ ಬರೆಯುವುದು ಅಮ್ಮನ ಮಾತಿನಲ್ಲಿ ಸರಿಯಾಗಿ ಕೂತಿತ್ತು. ನೂನೆಸ್ ಹೇಳುವುದೂ ಹಾಗೇ: ಬೀದಿಯ ಲೆಕ್ಕಕ್ಕೂ ಶಾಲೆಯ ಲೆಕ್ಕಕ್ಕೂ ಅಡಿಪಾಯ ಒಂದೇ. ಅವರ ತಂಡ ಮೀನುಗಾರರನ್ನು, ಬಡಗಿಗಳನ್ನು, ಕಟ್ಟಡದ ಮೇಸ್ತ್ರಿಗಳನ್ನೂ ಮಾತಾಡಿಸಿತು. ನೀಲನಕ್ಷೆಯಿಂದ ಗೋಡೆಯ ಉದ್ದ ಹೇಳುವ ಮೇಸ್ತ್ರಿಗಳಿಗೆ ಬಳಕೆಯಲ್ಲಿಲ್ಲದ ಅಳತೆಯ ನಕ್ಷೆ ಕೊಟ್ಟರು. ಯಾಂತ್ರಿಕವಾಗಿ ಕಲಿತದ್ದಾಗಿದ್ದರೆ ಅಲ್ಲಿ ಎಲ್ಲರೂ ಕೈಚೆಲ್ಲಬೇಕಿತ್ತು. ಎಷ್ಟೋ ಜನ ಅದನ್ನೂ ಬಿಡಿಸಿದರು.

ಈಗ ಎರಡನೇ ಅರ್ಧಕ್ಕೆ ಬರುತ್ತೇನೆ. ನಾನು ಇದನ್ನೆಲ್ಲ ಬರೆಯೋಕೆ ಕೂತಿದ್ದೇ ಅದಕ್ಕಾಗಿ.

ಮುಂದೆ ನೂನೆಸ್ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಷನ್, ಆಕ್ಸ್‌ಫರ್ಡ್ ಬ್ರೂಕ್ಸ್, ಆಮೇಲೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ. ಅಲ್ಲಿ ಮನಶ್ಶಾಸ್ತ್ರಜ್ಞ ಪೀಟರ್ ಬ್ರಯಂಟ್ ಜೊತೆ ಅವರ ಕೆಲಸ ದಶಕಗಟ್ಟಲೆ ನಡೆಯಿತು. ಬೀದಿಯನ್ನು ಹೊಗಳುತ್ತಾ ಕೂರುವುದು ಅವರಿಗೆ ಬೇಕಿರಲಿಲ್ಲ ಅಂತ ನನಗನ್ನಿಸುತ್ತೆ. ಬಾಯಿಲೆಕ್ಕಕ್ಕೆ ಮಿತಿ ಇದೆ. ಮೂರು ಮೂರು ಕಾಯಿ ಗುಂಪು ಮಾಡುತ್ತಾ 387 ಕಾಯಿಯ ಬೆಲೆ ಹೇಳೋದು ಕಷ್ಟ. ಬರವಣಿಗೆಯ ಗಣಿತ ಹುಟ್ಟಿದ್ದೇ ಆ ಮಿತಿ ದಾಟೋಕೆ. ಅಮ್ಮನಿಗೂ ಬ್ಯಾಂಕಿನ ಬಡ್ಡಿ ಚೀಟಿ ಓದೋಕೆ ಬರುತ್ತಿರಲಿಲ್ಲ, ಅದರಿಂದ ನಮ್ಮ ಮನೆ ನಷ್ಟ ಅನುಭವಿಸಿದೆ. ಆದ್ದರಿಂದ ಬೀದಿ ಸಾಕು, ಶಾಲೆ ಬೇಡ ಅನ್ನುವವರ ಮಾತು ನನಗೆ ಕೋಪ ತರಿಸುತ್ತೆ. ಆ ಮಾತು ಹೇಳುವವರ ಮಕ್ಕಳು ಯಾರೂ ಬೀದಿಯಲ್ಲಿ ಕಾಯಿ ಮಾರುತ್ತಿರುವುದಿಲ್ಲ.

ನೂನೆಸ್ ಹಿಡಿದ ಪ್ರಶ್ನೆ ಬೇರೆ. ಶಾಲೆಯ ಮೆಟ್ಟಿಲು ಹತ್ತುವ ಮುಂಚೆ ಮಗುವಿಗೆ ಏನೇನು ಗೊತ್ತಿರುತ್ತೆ, ಮತ್ತು ನಾವು ಅದರ ಮೇಲೆ ಕಟ್ಟುತ್ತಿದ್ದೇವಾ?

ಸಾಲಾಗಿ ಕೆಲವು ಮನೆಗಳ ಚಿತ್ರ. ಒಂದೊಂದು ಮನೆಯೊಳಗೂ ಇಷ್ಟಿಷ್ಟು ಮೊಲ ಅಂತ ಹೇಳುತ್ತಾರೆ. ಮೊಲ ಕಾಣಿಸುವುದಿಲ್ಲ. ಎಲ್ಲ ಮೊಲಗಳಿಗೂ ಒಂದೊಂದು ಉಂಡೆ ತಿಂಡಿ ಬೇಕು, ಎಷ್ಟು ತರಬೇಕು? ಐದಾರು ವರ್ಷದ ಮಕ್ಕಳು, ಗುಣಾಕಾರದ ಹೆಸರೇ ಕೇಳದವರು, ಪ್ರತಿ ಮನೆಯ ಮೇಲೂ ಬೆರಳಿಟ್ಟು ಒಂದು, ಎರಡು, ಮೂರು ಅಂತ ಕುಟ್ಟುತ್ತಾ ಮುಂದಿನ ಮನೆಗೆ ಹೋಗುತ್ತಾರೆ. ಒಂದಕ್ಕೆ ಇಷ್ಟು ಅನ್ನುವ ಹೊಂದಾಣಿಕೆ ಅವರಿಗೆ ಆಗಲೇ ಗೊತ್ತು. ಗುಣಾಕಾರದ ಬೇರು ಅದೇ. ನಾವೋ, ಮಗ್ಗಿ ಬಾಯಿಪಾಠ ಆಗುವವರೆಗೂ ಗುಣಾಕಾರ ಅಂದರೆ ಪದೇ ಪದೇ ಕೂಡುವುದು ಅಂತ ಹೇಳುತ್ತಾ ಆ ಬೇರನ್ನು ನೋಡುವುದೇ ಇಲ್ಲ. ಕೂಡುವುದರಲ್ಲಿ ಒಂದೇ ಜಾತಿಯ ವಸ್ತು ಇರುತ್ತೆ, ಗುಣಾಕಾರದಲ್ಲಿ ಕಾಯಿ ಒಂದು ಕಡೆ, ದುಡ್ಡು ಒಂದು ಕಡೆ, ಎರಡರ ನಡುವೆ ಒಂದು ಸಂಬಂಧ. ಇದು ಅರ್ಥವಾದ ಮೇಲೆ ನಾನು ಪಾಠ ಮಾಡುವ ರೀತಿಯೇ ಬದಲಾಯ್ತು.

ಇನ್ನೊಂದು ಪ್ರಯೋಗ ನಾಣ್ಯದ್ದು. ಹತ್ತರ ಒಂದು ನಾಣ್ಯ, ಒಂದರ ಕೆಲವು ನಾಣ್ಯ ಕೊಟ್ಟು ಹದಿಮೂರು ಕೊಡು ಅನ್ನುವುದು. ಇಪ್ಪತ್ತು, ಮೂವತ್ತರವರೆಗೂ ತಪ್ಪದೆ ಎಣಿಸುವ ಎಷ್ಟೋ ಮಕ್ಕಳು ಇಲ್ಲಿ ತಡವರಿಸುತ್ತಾರೆ. ಹತ್ತರ ನಾಣ್ಯದೊಳಗೆ ಹತ್ತು ಒಂದುಗಳಿವೆ ಅಂತ ಕಾಣಿಸುವವರೆಗೂ ಬಿಡಿ, ಹತ್ತು, ನೂರು ಅನ್ನೋದು ಬರೀ ಮನೆಗಳ ಹೆಸರು. ಆದರೆ ಬ್ರೆಜಿಲಿನಲ್ಲಿ, ಅಕ್ಷರ ಬರದ, ಸಂಖ್ಯೆ ಬರೆಯೋಕೂ ಬರದ ದೊಡ್ಡವರು ಇದನ್ನು ಸಲೀಸಾಗಿ ಮಾಡುತ್ತಿದ್ದರು. ಸ್ಥಾನಬೆಲೆ ಅನ್ನೋದು ಮೊದಲು ಮನಸ್ಸಿನಲ್ಲಿ ಬರುತ್ತೆ, ಕಾಗದಕ್ಕೆ ಆಮೇಲೆ.

2007ರಲ್ಲಿ ಅವರ ತಂಡ ಪ್ರಕಟಿಸಿದ ಕೆಲಸ ನನಗೆ ತುಂಬಾ ಇಷ್ಟ. ಆರು ವರ್ಷದ ಮಕ್ಕಳ ತರ್ಕವನ್ನು ಪರೀಕ್ಷಿಸಿ ನೋಡಿದರು. ಕೂಡಿಸಿದ್ದನ್ನೇ ಕಳೆದರೆ ಮೊದಲಿನಷ್ಟೇ ಉಳಿಯುತ್ತೆ ಅಂತ ಎಣಿಸದೆ ಹೇಳಬಲ್ಲರಾ, ಇಂಥವು. ಸುಮಾರು ಹದಿನಾರು ತಿಂಗಳ ನಂತರ ಗಣಿತದಲ್ಲಿ ಯಾರು ಮುಂದಿರುತ್ತಾರೆ ಅನ್ನೋದನ್ನು ಆ ತರ್ಕ ಮೊದಲೇ ಹೇಳಿತು, ಬುದ್ಧಿಮತ್ತೆ ಮತ್ತು ನೆನಪಿನ ಶಕ್ತಿಯನ್ನು ಬದಿಗಿಟ್ಟು ನೋಡಿದರೂ. ಅಷ್ಟಕ್ಕೇ ಬಿಡಲಿಲ್ಲ. ಹಿಂದುಳಿದ ಮಕ್ಕಳ ಒಂದು ಗುಂಪಿಗೆ ಆ ತರ್ಕವನ್ನೇ ಕಲಿಸಿದರು. ಅವರು ಗಣಿತದಲ್ಲಿ ಜೊತೆಯವರಿಗಿಂತ ಹೆಚ್ಚು ಮುಂದೆ ಬಂದರು. ಆಮೇಲೆ ಇಂಗ್ಲೆಂಡಿನ ಏವನ್ ಪ್ರದೇಶದಲ್ಲಿ 1990ರ ದಶಕದ ಶುರುವಿನಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ದೊಡ್ಡ ಅಧ್ಯಯನದ ಮಾಹಿತಿ ತೆಗೆದುಕೊಂಡು ನೋಡಿದಾಗಲೂ ಅದೇ ಕಂಡಿತು. 11 ಮತ್ತು 14ನೇ ವಯಸ್ಸಿನ ಗಣಿತ ಪರೀಕ್ಷೆಯಲ್ಲಿ ಹೇಗೆ ಮಾಡುತ್ತಾರೆ ಅನ್ನೋದಕ್ಕೆ ಕೂಡು ಕಳೆಯುವ ಚುರುಕೂ ಬೇಕು, ಆದರೆ ಸಂಬಂಧಗಳನ್ನು ಯೋಚಿಸುವ ಶಕ್ತಿಯ ಪಾಲು ಅದಕ್ಕಿಂತ ದೊಡ್ಡದು.

ಕಿವಿ ಕೇಳದ ಮಕ್ಕಳ ಜೊತೆ ಅವರು ಮಾಡಿದ್ದೂ ಇದೇ ಹುಡುಕಾಟ. ಆ ಮಕ್ಕಳು ಗಣಿತದಲ್ಲಿ ಹಿಂದೆ ಬೀಳುತ್ತಾರೆ ಅನ್ನೋದು ಎಲ್ಲರಿಗೂ ಗೊತ್ತಿತ್ತು. ನೂನೆಸ್ ಮತ್ತು ಜೊತೆಯವರು ಮೂರು ನಾಲ್ಕು ವರ್ಷದ ಮಕ್ಕಳಿಗೆ ವಸ್ತುಗಳನ್ನು ಒಂದಾದ ಮೇಲೊಂದು ತೋರಿಸುವ ಬದಲು ಒಟ್ಟಿಗೆ ಜಾಗದಲ್ಲಿ ಹರಡಿ ತೋರಿಸಿದಾಗ, ಕೇಳಿಸದ ಮಕ್ಕಳೇ ಕೇಳಿಸುವ ಮಕ್ಕಳಿಗಿಂತ ಚೆನ್ನಾಗಿ ಮಾಡಿದರು. ಹಾಗಾಗಿ ಚಿತ್ರ, ರೇಖೆ, ಗೆರೆ ಹಾಕಿ ಕಲಿಸುವ ಪಾಠಗಳನ್ನೇ ತಯಾರಿಸಿದರು. ರೆಸಿಫೆಯ ಕಾಯಿ ಮಾರುವ ಹುಡುಗನಿಂದ ಈ ಮಕ್ಕಳವರೆಗೆ ಒಂದೇ ಎಳೆ ಇದೆ. ಬರಲ್ಲ ಅಂತ ಎಲ್ಲರೂ ಹೇಳುವ ಕಡೆ ಹೋಗಿ, ಬರೋದು ಏನು ಅಂತ ನೋಡುವುದು. 2017ರಲ್ಲಿ ಅವರಿಗೆ ಹಾನ್ಸ್ ಫ್ರಾಯ್ಡೆಂಟಾಲ್ ಪದಕ ಬಂತು. ಗಣಿತ ಶಿಕ್ಷಣದ ಸಂಶೋಧನೆಗೆ ಸಿಗುವ ದೊಡ್ಡ ಗೌರವ ಅದು.

ನಮ್ಮ ದೇಶದ ಮಾತಿಗೆ ಬಂದರೆ, 2025ರಲ್ಲಿ ನೇಚರ್ ಅನ್ನೋ ವಿಜ್ಞಾನ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತೇರ್ ದುಫ್ಲೊ, ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಸ್ಪೆಲ್ಕಿ ಮತ್ತಿತರರದ್ದು. ಕೋಲ್ಕತ್ತ, ದೆಹಲಿ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ 1,436 ಮಕ್ಕಳು ಮತ್ತು ಶಾಲೆಗೆ ಹೋಗುವ 471 ಮಕ್ಕಳು. ನೂನೆಸ್ ಐದು ಮಕ್ಕಳಲ್ಲಿ ಕಂಡದ್ದು ಇಲ್ಲಿ ನಲವತ್ತು ವರ್ಷದ ನಂತರ ದೊಡ್ಡದಾಗಿ ಕಾಣಿಸಿತು. ಮಾರುಕಟ್ಟೆಯ ಮಕ್ಕಳು ಬೆಲೆ, ತೂಕ, ಚಿಲ್ಲರೆ ಎಲ್ಲ ಬೆರೆತ ವ್ಯವಹಾರವನ್ನು ತಲೆಯಲ್ಲೇ ಮಾಡಿದರು, ಶಾಲೆಯ ಲೆಕ್ಕದಲ್ಲಿ ಸೋತರು. ಶಾಲೆಯ ಮಕ್ಕಳು ಬರೆದ ಲೆಕ್ಕ ಮಾಡಿದರು, ಮಾರುಕಟ್ಟೆಯ ಲೆಕ್ಕದಲ್ಲಿ ಸೋತರು. ಈ ಎರಡನೇದನ್ನು ಓದಿದಾಗ ನನಗೆ ಜಾಸ್ತಿ ಸಂಕಟ ಆಯ್ತು. ನಾವು ಪಾಸು ಮಾಡಿ ಕಳಿಸುವ ಮಕ್ಕಳು ಅವರು.

ಹೋದ ತಿಂಗಳು ನಾಲ್ಕನೇ ಕ್ಲಾಸಿನಲ್ಲಿ 18 × 5 ಕೊಟ್ಟಿದ್ದೆ. ಒಬ್ಬ ಹುಡುಗ 250 ಬರೆದಿದ್ದ. ಅವರಮ್ಮ ಸೊಪ್ಪು ಮಾರುತ್ತಾರೆ, ಭಾನುವಾರ ಅವನೂ ಜೊತೆಗಿರುತ್ತಾನೆ. ಕೆಂಪು ಪೆನ್ನು ಬದಿಗಿಟ್ಟು ಕರೆದೆ.

"ಕಟ್ಟಿಗೆ 18 ರೂಪಾಯಿ ಕಣೋ. ಐದು ಕಟ್ಟು ಕೊಟ್ರೆ?"

"ಇಪ್ಪತ್ತಾದ್ರೆ ನೂರು. ಒಂದೊಂದಕ್ಕೂ ಎರಡೆರಡು ಕಮ್ಮಿ. ತೊಂಬತ್ತು ಮಿಸ್."

"ಮತ್ತೆ ಇಲ್ಲಿ ಯಾಕೆ ಇನ್ನೂರೈವತ್ತು?"

ಅವನು ನೋಟ್‌ಬುಕ್ಕನ್ನು ತುಂಬಾ ಹೊತ್ತು ನೋಡಿದ. ಕಡ್ಡಿಗಳ ಕಟ್ಟು ತಂದು ಕೊಟ್ಟೆ, ಹತ್ತು ಕಡ್ಡಿಗೊಂದು ರಬ್ಬರ್ ಬ್ಯಾಂಡ್. ಅವನು ಐದು ಸಲ ಎಂಟೆಂಟು ಬಿಡಿ ಕಡ್ಡಿ ಜೋಡಿಸಿದ, ನಲವತ್ತಾಯಿತು, ನಾಲ್ಕು ಕಟ್ಟು ಕಟ್ಟಿದ. ಪಕ್ಕದಲ್ಲಿ ಐದು ಹತ್ತರ ಕಟ್ಟು. ಒಂಬತ್ತು ಕಟ್ಟು. ಮತ್ತೆ ನೋಟ್‌ಬುಕ್ಕು ನೋಡಿದ.

"ಈ ನಾಲ್ಕು ಅಂದ್ರೆ ಇದಾ ಮಿಸ್? ಇದನ್ನ ಆಗ್ಲೇ ಐದು ಸಲ ಮಾಡಿ ಆಗಿದೆ. ನಾನು ಮತ್ತೆ ಮಾಡ್ಬಿಟ್ಟೆ."

ಪಕ್ಕದ ಹುಡುಗಿಯ ನೋಟ್‌ಬುಕ್ಕಿನಲ್ಲಿ 90 ಅಂತ ಚೆಂದವಾಗಿ ಬರೆದಿತ್ತು. ಯಾವಾಗಲೂ ಮೊದಲು ಮುಗಿಸುವವಳು. ಸುಮ್ನೆ ಕೇಳಿದೆ, ಆ ನಾಲ್ಕನ್ನು ಮೇಲೆ ಯಾಕೆ ಬರೆದೆ ಪುಟ್ಟಾ?

"ಗೊತ್ತಿಲ್ಲ ಮಿಸ್. ಹಾಗೇ ಮಾಡ್ಬೇಕು ಅಲ್ವಾ?"

ನಾನು ಬಾಯಿ ತೆರೆಯುವ ಮುಂಚೆಯೇ ಹುಡುಗ ಕಡ್ಡಿಗಳನ್ನು ಅವಳ ಕಡೆ ಸರಿಸಿದ. "ಇಲ್ ಬಾ, ಐದು ಕಟ್ಟು ಸೊಪ್ಪು ಅಂದ್ಕೋ" ಅಂತ ಶುರು ಮಾಡಿದ.